ಆ ಕೂಸು ಏನು ಮಾಡಿತ್ತು?

ಊರಿನಿಂದ ಚಿಕಿತ್ಸೆಗೆಂದು ಚೆನ್ನೈಗೆ ಬರುವ ಕನ್ನಡ ಕುಟುಂಬಗಳಿಗೆ ನಮ್ಮ ಬಳಗದವರು ಆಗೊಮ್ಮೆ ಈಗೊಮ್ಮೆ ಜತೆಯಾಗುವುದುಂಟು. ದೊಡ್ಡ ಸೇವೆಯೇನೂ ಅಲ್ಲ. ಆಸ್ಪತ್ರೆಯವರು ತಮಿಳಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ತಿಳಿಸುವುದು, ಬಾಡಿಗೆಗೆ ಒಂದು ಕೋಣೆ ಹುಡುಕಿಕೊಡುವುದು, ರಕ್ತ ಕೊಡುವವರನ್ನು ಹೊಂದಿಸುವುದು, ಇಷ್ಟೆ. ಕೆಲವು ವರ್ಷಗಳ ಹಿಂದೆ ಹಾವೇರಿ ಕಡೆಯ ಒಂದು ಕುಟುಂಬ ಹೀಗೆ ಬಂದಿತ್ತು. ಏಳು ವರ್ಷದ ಹುಡುಗನಿಗೆ ರಕ್ತದ ಕ್ಯಾನ್ಸರ್. ತಂದೆತಾಯಿಗಳು ಒಳಗೆ, ಅಜ್ಜಿ ಹೊರಗೆ ಬೆಂಚಿನ ಮೇಲೆ. ಪಕ್ಕದಲ್ಲಿ ಕುಳಿತಿದ್ದ ನಮ್ಮವರೊಬ್ಬರು, ಏನಾದರೂ ಸಮಾಧಾನ ಹೇಳಬೇಕೆಂಬ ಒಳ್ಳೆಯ ಮನಸ್ಸಿನಿಂದಲೇ, "ಏನು ಮಾಡೋದಮ್ಮಾ, ಪೂರ್ವಜನ್ಮದ ಕರ್ಮ. ದೇವರು ದಯಾಮಯ, ಏನು ಮಾಡಿದರೂ ಒಳ್ಳೆಯದಕ್ಕೇ ಮಾಡ್ತಾನೆ" ಎಂದರು. ಅಜ್ಜಿ ಸಿಟ್ಟಾಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ಕರ್ಮ ಇದ್ರ ನನಗ ಬರಬೇಕಾಗಿತ್ತಲ್ಲೋ ತಮ್ಮಾ. ಆ ಕೂಸು ಏನ ಮಾಡಿತ್ತು?" ಎಂದಳು.

ಅಲ್ಲಿ ನಾವು ಮೂವರಿದ್ದೆವು. ಮೂವರೂ ಓದಿದವರು, ವೇದಿಕೆಗಳಲ್ಲಿ ಮಾತನಾಡಿದವರು. ಒಬ್ಬರ ಬಾಯಿಂದಲೂ ಮಾತು ಹೊರಡಲಿಲ್ಲ. ನಮ್ಮ ಬಳಗದಲ್ಲಿ ಸ್ಮಾರ್ತರಿದ್ದಾರೆ, ಮಾಧ್ವರಿದ್ದಾರೆ, ಶ್ರೀವೈಷ್ಣವರಿದ್ದಾರೆ, ಲಿಂಗಾಯತರಿದ್ದಾರೆ, ದೇವರಿಲ್ಲವೆನ್ನುವವರೂ ಇದ್ದಾರೆ. ಆಮೇಲೆ ಎಷ್ಟೋ ಭಾನುವಾರಗಳ ಕೂಟಗಳಲ್ಲಿ ಗೊತ್ತುಮಾಡಿದ ವಿಷಯವನ್ನು ಬದಿಗಿಟ್ಟು ಅಜ್ಜಿಯ ಪ್ರಶ್ನೆಯ ಸುತ್ತಲೇ ವಾದ ನಡೆಯಿತು. ಕೊನೆಗೆ ನಮ್ಮಲ್ಲಿ ಹೆಚ್ಚಿನವರು ತಲುಪಿದ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇವೆ. ಎಲ್ಲರೂ ಒಪ್ಪಿದ್ದಾರೆಂದೇನೂ ಅಲ್ಲ.

ಪ್ರಶ್ನೆ ಹೊಸದಲ್ಲ. ದೇವರು ಕರುಣಾಳುವಾದರೆ ಲೋಕದಲ್ಲಿ ಇಷ್ಟು ದುಃಖವೇಕೆ ಎಂಬುದನ್ನು ಪಾಶ್ಚಾತ್ಯರಿಂದ ಎರವಲು ತಂದ ಸಂದೇಹವೆಂದು ತಳ್ಳಿಹಾಕುವವರುಂಟು. ಅಂಥವರಿಗೆ ಜಿನಸೇನಾಚಾರ್ಯರನ್ನು ನೆನಪಿಸಬೇಕು. 9ನೆಯ ಶತಮಾನ, ರಾಷ್ಟ್ರಕೂಟರ ಕಾಲ. ಅಮೋಘವರ್ಷನೇ ಗುರುವೆಂದು ಮನ್ನಿಸಿದ ವ್ಯಕ್ತಿ. ಅವರ ಸಂಸ್ಕೃತ ಆದಿಪುರಾಣವನ್ನು ಆಧರಿಸಿಯೇ ಪಂಪ 941ರಲ್ಲಿ ತನ್ನ ಕನ್ನಡ ಆದಿಪುರಾಣವನ್ನು ಬರೆದದ್ದು. ಸೃಷ್ಟಿಕರ್ತನೊಬ್ಬನಿದ್ದಾನೆಂಬ ವಾದವನ್ನು ಆ ಸಂಸ್ಕೃತ ಗ್ರಂಥ ಸಾಲುಸಾಲಾಗಿ ಪರೀಕ್ಷಿಸುತ್ತದೆ. ಅದರಲ್ಲಿ ಒಂದು ಪ್ರಶ್ನೆ ಅಜ್ಜಿಯದೇ: ಜೀವಿಗಳ ಮೇಲಿನ ಕರುಣೆಯಿಂದ ಅವನು ಲೋಕವನ್ನು ಮಾಡಿದನಾದರೆ, ಉಪದ್ರವವೇ ಇಲ್ಲದ, ಸುಖವೇ ತುಂಬಿದ ಲೋಕವನ್ನು ಏಕೆ ಮಾಡಲಿಲ್ಲ?

ಇದಕ್ಕೆ ವೇದಾಂತಿಗಳ ಉತ್ತರ ಅದಕ್ಕೂ ಮೊದಲೇ ಸಿದ್ಧವಾಗಿತ್ತು. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ, 34ನೆಯ ಸೂತ್ರ, ದೇವರ ಮೇಲೆ ಬರಬಹುದಾದ ಎರಡು ಆರೋಪಗಳನ್ನು ಹೆಸರಿಟ್ಟು ಎತ್ತಿಕೊಳ್ಳುತ್ತದೆ. ಒಂದು ವೈಷಮ್ಯ, ಎಂದರೆ ಪಕ್ಷಪಾತ. ಇನ್ನೊಂದು ನೈರ್ಘೃಣ್ಯ, ಎಂದರೆ ನಿರ್ದಯತೆ. ನಮ್ಮ ಪೂರ್ವಿಕರು ಈ ಆರೋಪಗಳನ್ನು ಮುಚ್ಚಿಡದೆ ದೋಷಾರೋಪಣೆಯ ಪಟ್ಟಿಯಂತೆ ಬರೆದಿಟ್ಟರಲ್ಲ, ಆ ಧೈರ್ಯವನ್ನು ಮೆಚ್ಚಲೇಬೇಕು. ಉತ್ತರ ಇದು: ಈಶ್ವರ ತನ್ನ ಇಚ್ಛೆಯಿಂದ ಒಬ್ಬನನ್ನು ಸುಖಿಯಾಗಿಯೂ ಇನ್ನೊಬ್ಬನನ್ನು ದುಃಖಿಯಾಗಿಯೂ ಮಾಡುವುದಿಲ್ಲ, ಜೀವಿಗಳ ಕರ್ಮವನ್ನು ನೋಡಿ ಮಾಡುತ್ತಾನೆ. ಶಂಕರರು ಮಳೆಯ ಉಪಮೆ ಕೊಡುತ್ತಾರೆ. ಮಳೆ ಎಲ್ಲ ಹೊಲಕ್ಕೂ ಒಂದೇ. ಒಂದು ಕಡೆ ಭತ್ತ, ಇನ್ನೊಂದು ಕಡೆ ಯವ ಬೆಳೆದರೆ ಅದು ಬೀಜದ ಗುಣ, ಮಳೆಯ ದೋಷವಲ್ಲ. ಹಾಗಾದರೆ ಮೊಟ್ಟಮೊದಲ ಕರ್ಮ ಎಲ್ಲಿಂದ ಬಂತು ಎಂದರೆ, ಮುಂದಿನ ಸೂತ್ರ ಸಂಸಾರವೇ ಅನಾದಿಯೆನ್ನುತ್ತದೆ. ನಮ್ಮ ಊರಿನಿಂದ ನಲವತ್ತು ಕಿಲೋಮೀಟರು ದೂರದ ಶ್ರೀಪೆರುಂಬುದೂರಿನಲ್ಲಿ ಹುಟ್ಟಿ, ಮೇಲುಕೋಟೆಯಲ್ಲಿ ವರ್ಷಗಟ್ಟಲೆ ನೆಲೆಸಿದ ರಾಮಾನುಜರೂ ಈ ಸೂತ್ರದ ಮಟ್ಟಿಗೆ ಹೆಚ್ಚು ಬೇರೆಯಾಗಿ ಹೇಳುವುದಿಲ್ಲ. ಮಧ್ವಾಚಾರ್ಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಜೀವಗಳ ಸ್ವಭಾವವೇ ಅನಾದಿಯಾಗಿ ಬೇರೆಬೇರೆ ಎಂದರು. ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂಬ ವಿಭಾಗವನ್ನು ತಿರುವಲ್ಲಿಕ್ಕೇಣಿಯ ನಮ್ಮ ಮಾಧ್ವ ಮಿತ್ರರು ಬಾಲ್ಯದಲ್ಲೇ ಕೇಳಿದವರು.

ಜಿನಸೇನರಿಗೆ ಈ ಸಮಾಧಾನ ಗೊತ್ತಿತ್ತು. ಕರ್ಮವನ್ನು ನೋಡಿಕೊಂಡೇ ಅವನು ದೇಹಗಳನ್ನು ಕಲ್ಪಿಸುವುದಾದರೆ ಅವನು ಈಶ್ವರನೆಂತಾದಾನು, ನೂಲು ಕೊಟ್ಟಂತೆ ನೇಯುವ ನೇಕಾರನ ಹಾಗೆ ಪರತಂತ್ರನಾದನಲ್ಲ ಎಂಬ ಅರ್ಥದ ಮಾತು ಅವರದು. ತರ್ಕದಲ್ಲಿ ಇದು ಗಟ್ಟಿಯಾದ ಪೆಟ್ಟು. ಆದರೆ ಜಿನಸೇನರು ಈಶ್ವರನನ್ನು ತೆಗೆದುಹಾಕಿದರೂ ಕರ್ಮವನ್ನು ಹಾಗೆಯೇ ಉಳಿಸಿಕೊಂಡರು. ಬೆಂಚಿನ ಮೇಲಿನ ಅಜ್ಜಿಗೆ ಇದರಿಂದ ದಕ್ಕಿದ್ದೇನು? ದೇವರಿದ್ದರೂ ಇಲ್ಲದಿದ್ದರೂ ಅಪರಾಧಿ ಆ ಏಳು ವರ್ಷದ ಹುಡುಗನೇ.

ನಮ್ಮ ಅಡಚಣೆ ಇರುವುದು ಇಲ್ಲಿ. ಕರ್ಮಸಿದ್ಧಾಂತವನ್ನು ಸುಳ್ಳೆಂದು ಸಾಧಿಸಲು ನಾವು ಹೊರಟಿಲ್ಲ. ಅದನ್ನು ಸಾಧಿಸುವುದೂ ಅಳಿಸುವುದೂ ನಮ್ಮ ಕೈಯಲ್ಲಿಲ್ಲ. ಆ ಸೂತ್ರ ಕೈಗೆತ್ತಿಕೊಂಡದ್ದು ದೇವರ ಮೇಲಿನ ಮೊಕದ್ದಮೆಯನ್ನು. ಅಲ್ಲಿ ಅದು ದೇವರ ಪರವಾದ ವಕಾಲತ್ತು, ವಕೀಲಿಕೆ ಚೆನ್ನಾಗಿಯೇ ಇದೆ. ಅದೇ ವಾದವನ್ನು ಆಸ್ಪತ್ರೆಯ ಬೆಂಚಿಗೆ ತಂದೊಡನೆ ದೇವರು ಬಿಡುಗಡೆಯಾಗುತ್ತಾನೆ, ಕಟಕಟೆಯಲ್ಲಿ ಕೂಸು ನಿಲ್ಲುತ್ತದೆ. ತಾನು ಮಾಡಿದ್ದೇನೆಂದು ಅದಕ್ಕೆ ನೆನಪಿಲ್ಲ, ನಮಗೂ ಗೊತ್ತಿಲ್ಲ, ಲೆಕ್ಕದ ಪುಸ್ತಕಕ್ಕೆ ಮೊದಲ ಹಾಳೆಯೇ ಇಲ್ಲ. ನೆನಪಿಲ್ಲದ ತಪ್ಪಿಗೆ ಕೊಡುವ ನೋವಿನಿಂದ ಯಾರೂ ಏನನ್ನೂ ಕಲಿಯಲಾರರೆಂದು ನಮ್ಮೊಳಗಿನ ಶಾಲಾ ಶಿಕ್ಷಕಿಯೊಬ್ಬರು ಹೇಳಿದರು. ಸೃಷ್ಟಿಯು ಲೀಲೆ ಎನ್ನುವುದು ಅದೇ ಪಾದದಲ್ಲಿ ಒಂದು ಸೂತ್ರದಷ್ಟು ಹಿಂದೆ ಬರುತ್ತದೆ. ಅದನ್ನು ಯಾರೂ ಅಜ್ಜಿಗೆ ಹೇಳಲಿಲ್ಲವೆಂಬುದೇ ಪುಣ್ಯ.

ಈ ವಾದವನ್ನು ಒಬ್ಬರು ತಮ್ಮ ದುಃಖಕ್ಕೆ ತಾವೇ ಹೇಳಿಕೊಂಡರೆ ಅದರಲ್ಲಿ ಒಂದು ಘನತೆಯಿದೆ. ಮಗನನ್ನು ಕಳೆದುಕೊಂಡ ಹಿರಿಯರೊಬ್ಬರು "ನಾನು ಪಡೆದುಕೊಂಡು ಬಂದದ್ದು ಇಷ್ಟು" ಎಂದು ಮರುದಿನ ಅಂಗಡಿ ತೆರೆದದ್ದನ್ನು ನಾವು ನೋಡಿದ್ದೇವೆ. ಆ ಮಾತೇ ಅವರನ್ನು ನಿಲ್ಲಿಸಿತು. ಅದೇ ಮಾತನ್ನು ಎದುರಿಗಿದ್ದವರು ಅವರಿಗೆ ಹೇಳಿದ್ದರೆ ಅದು ತೀರ್ಪಾಗುತ್ತಿತ್ತು. ಕರ್ಮವೆಂಬ ಸಮಾಧಾನ ಉತ್ತಮಪುರುಷದಲ್ಲಿ ಮಾತ್ರ ಸಲ್ಲುತ್ತದೆ, ಮಧ್ಯಮಪುರುಷದಲ್ಲಿ ಸಲ್ಲದು. ಒಟ್ಟು ನಾವು ಹೇಳಹೊರಟಿರುವುದು ಇಷ್ಟನ್ನೇ.

ಇದನ್ನು ಗಾಂಧೀಜಿಯಂಥವರೂ ಒಮ್ಮೆ ಮರೆತರು. ಅದು ನಡೆದದ್ದು ಈ ತಮಿಳು ನೆಲದಲ್ಲಿಯೇ. 1934ರ ಜನವರಿ 15ರಂದು ಬಿಹಾರದಲ್ಲಿ ಭೀಕರ ಭೂಕಂಪವಾಯಿತು. ಅಸ್ಪೃಶ್ಯತೆಯ ವಿರುದ್ಧ ದಕ್ಷಿಣದಲ್ಲಿ ಪ್ರವಾಸ ಮಾಡುತ್ತಿದ್ದ ಗಾಂಧೀಜಿ ಕೆಲವೇ ದಿನಗಳಲ್ಲಿ ತಿರುನಲ್ವೇಲಿಯ ಸಭೆಯಲ್ಲಿ, ಅದು ಅಸ್ಪೃಶ್ಯತೆಯೆಂಬ ನಮ್ಮ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆಯೆಂಬ ಅರ್ಥದಲ್ಲಿ ಮಾತನಾಡಿದರು. ರವೀಂದ್ರನಾಥ ಠಾಕೂರರಿಗೆ ಇದು ಸಹನೆಯಾಗಲಿಲ್ಲ. ಅಸ್ಪೃಶ್ಯತೆಯನ್ನು ಅವರೇನೂ ಕಡಿಮೆ ದ್ವೇಷಿಸುತ್ತಿರಲಿಲ್ಲ. ಆದರೆ ನೆಲದಡಿಯ ಕದಲಿಕೆಗೂ ಮನುಷ್ಯರ ನೀತಿಗೂ ಹೀಗೆ ಗಂಟುಹಾಕುವುದು ವಿವೇಕವಲ್ಲವೆಂದು ಬಹಿರಂಗವಾಗಿ ಬರೆದರು. ಗಾಂಧೀಜಿ ಅದನ್ನು ತಮ್ಮ 'ಹರಿಜನ' ಪತ್ರಿಕೆಯಲ್ಲಿಯೇ ಫೆಬ್ರವರಿಯಲ್ಲಿ ಅಚ್ಚು ಹಾಕಿಸಿ, ಜತೆಗೆ ತಮ್ಮ ಉತ್ತರವನ್ನೂ ಕೊಟ್ಟರು. ನಂಬಿಕೆಯಿಂದ ಹಿಂದೆ ಸರಿಯಲಿಲ್ಲ. ಅವರ ಪರವಾಗಿ ಹೇಳಬೇಕಾದ ಒಂದು ಮಾತಿದೆ: ಆ ಪಾಪಿಗಳ ಸಾಲಿನಲ್ಲಿ ಅವರು ತಮ್ಮನ್ನೂ ಸೇರಿಸಿಕೊಂಡಿದ್ದರು. ಆದರೂ ಮುಂಗೇರಿನಲ್ಲಿ, ಮುಜಫ್ಫರಪುರದಲ್ಲಿ ಗೋಡೆಯಡಿ ಸಿಕ್ಕಿದವರಲ್ಲಿ ಅಸ್ಪೃಶ್ಯರೆನಿಸಿಕೊಂಡವರೂ ಇದ್ದರಲ್ಲ. ಅವರ ಮೇಲೆ ನಡೆದ ಅನ್ಯಾಯಕ್ಕೆ ಅವರ ಮನೆಯನ್ನೇ ಬೀಳಿಸುವ ನ್ಯಾಯಾಧೀಶ ಎಂಥವನು? ಈ ವಿಷಯದಲ್ಲಿ ನಾವು ನಿಸ್ಸಂಶಯವಾಗಿ ಠಾಕೂರರ ಕಡೆ.

ಶಿಕ್ಷೆಯ ಮಾತು ಹೀಗೆ ಎಡವಿದರೆ, ರಕ್ಷಣೆಯ ಮಾತು ಇನ್ನೊಂದು ಬಗೆಯಲ್ಲಿ ಎಡವುತ್ತದೆ. 2004ರ ಡಿಸೆಂಬರ್ 26 ಚೆನ್ನೈಯಲ್ಲಿದ್ದವರಾರಿಗೂ ಮರೆಯದು. ಭಾನುವಾರ ಬೆಳಗ್ಗೆ ಮರೀನಾ ಮರಳಿನಲ್ಲಿ ನಡೆದಾಡುವವರಿದ್ದರು, ಕ್ರಿಕೆಟ್ ಆಡುವ ಹುಡುಗರಿದ್ದರು, ಮೀನುಗಾರರ ಹೆಂಗಸರಿದ್ದರು. ಸಮುದ್ರ ಒಳಗೆ ಬಂದು ಹೋದಾಗ ಈ ನಗರದಲ್ಲಿಯೇ ನೂರಾರು ಜನ ಇಲ್ಲವಾಗಿದ್ದರು. ಸಾಂಥೋಮ್ ಚರ್ಚಿನ ಹಿಂದೆ ಸಂತ ಥಾಮಸರು ನೆಟ್ಟದ್ದೆಂದು ನಂಬಲಾದ ಒಂದು ಕಂಬವಿದೆ. ನೀರು ಅದನ್ನು ದಾಟಲಿಲ್ಲವೆಂದು ಜನ ಕೃತಜ್ಞತೆಯಿಂದ ಹೇಳಿಕೊಂಡರು. ಅದೇ ದಂಡೆಯ ಶ್ರೀನಿವಾಸಪುರದ ಗುಡಿಸಲುಗಳನ್ನು ಅದೇ ನೀರು ಕೊಚ್ಚಿಕೊಂಡು ಹೋಗಿತ್ತು. ದಕ್ಷಿಣಕ್ಕೆ, ನಾಗಪಟ್ಟಣದ ಹತ್ತಿರದ ವೇಲಾಂಕಣ್ಣಿಯಲ್ಲಿ ಕ್ರಿಸ್‌ಮಸ್ಸಿಗೆಂದು ಬಂದ ಯಾತ್ರಿಕರು ತುಂಬಿದ್ದರು. ಆ ಹೊತ್ತಿಗೆ ಪೂಜೆಗೆಂದು ಮಾತೆಯ ದೇಗುಲದ ಒಳಗಿದ್ದವರು ಉಳಿದರು, ದಂಡೆಗೆ ಇಳಿದಿದ್ದವರು ಹೋದರು. ಮಾತೆಯೇ ಕಾಪಾಡಿದಳೆಂದು ಉಳಿದವರು ಹೇಳಿದರೆ ಅದರಲ್ಲಿ ತಪ್ಪು ಹುಡುಕುವಷ್ಟು ಕಲ್ಲುಮನಸ್ಸು ನಮ್ಮದಲ್ಲ. ಆದರೆ ಹೋದವರೂ ಅವಳನ್ನು ನೋಡಲೆಂದೇ ಬಂದವರಲ್ಲವೆ?

1755ರ ನವೆಂಬರ್ 1ರಂದು ಪೋರ್ಚುಗಲ್ಲಿನ ಲಿಸ್ಬನ್ ನಗರದಲ್ಲಿ ಇದಕ್ಕೆ ನೇರ ವಿರುದ್ಧವಾದದ್ದು ನಡೆಯಿತು. ಅಂದು ಸಕಲ ಸಂತರ ಹಬ್ಬ. ಬೆಳಗಿನ ಪೂಜೆಗೆ ಚರ್ಚುಗಳು ಕಿಕ್ಕಿರಿದಿದ್ದಾಗ ಭೂಮಿ ನಡುಗಿತು; ಪ್ರಾರ್ಥನೆಯಲ್ಲಿದ್ದವರ ಮೇಲೆಯೇ ಕಮಾನುಗಳು ಬಿದ್ದವು. ಇರುವುದೆಲ್ಲ ಅತ್ಯುತ್ತಮವೇ ಎಂದು ಸಾರುತ್ತಿದ್ದ ಯುರೋಪಿನ ತತ್ತ್ವಜ್ಞಾನವನ್ನು ವೋಲ್ಟೇರ್ ಲೇವಡಿ ಮಾಡತೊಡಗಿದ್ದಕ್ಕೆ ಆ ಬೆಳಗು ಒಂದು ಕಾರಣ. ಲಿಸ್ಬನ್ನನ್ನೂ ವೇಲಾಂಕಣ್ಣಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ದೇಗುಲದ ಒಳಗೋ ಹೊರಗೋ ಎಂಬುದರಲ್ಲಿ ದೈವಸಂಕಲ್ಪವನ್ನು ಓದುವುದು ಸಾಧ್ಯವಿಲ್ಲವೆನಿಸುತ್ತದೆ.

ಎಲ್ಲ ದುಃಖವನ್ನೂ ದೇವರ ತಲೆಗೆ ಕಟ್ಟುವುದು ನ್ಯಾಯವಲ್ಲವೆಂಬುದೂ ನಿಜ. 2015ರ ಡಿಸೆಂಬರಿನಲ್ಲಿ ಅಡ್ಯಾರ್ ನದಿ ಉಕ್ಕಿ ಸೈದಾಪೇಟೆ, ಕೋಟ್ಟೂರುಪುರಗಳು ಮುಳುಗಿದಾಗ ಮೊದಲು ಕೇಳಿಬಂದದ್ದು ವರುಣನ ಕೋಪ, ವಿಧಿಯಾಟ ಇತ್ಯಾದಿ. ಮಹಾಲೇಖಪಾಲರ ವರದಿ ಆಮೇಲೆ ಅದನ್ನು ಮಾನವನಿರ್ಮಿತ ವಿಪತ್ತೆಂದೇ ಕರೆಯಿತು. ವಿಮೆಯ ಕಾಗದಗಳಲ್ಲಿ ಪ್ರವಾಹ, ಸಿಡಿಲುಗಳಿಗೆ 'ದೈವಕೃತ್ಯ' ಎಂಬ ಹೆಸರುಂಟು. ಕೆರೆಯ ಅಂಗಳದಲ್ಲಿ ಬಡಾವಣೆ ಕಟ್ಟಿದವರು ಅದನ್ನು ಓದಿ ಎಷ್ಟು ನೆಮ್ಮದಿಪಟ್ಟಿರಬಹುದು! ಹೀಗೆ ಮನುಷ್ಯರು ಮಾಡಿದ್ದನ್ನೆಲ್ಲ ಕಳೆದು ನೋಡಿದರೂ ಆ ಹುಡುಗನ ರಕ್ತ ಉಳಿಯುತ್ತದೆ. ಅದರಲ್ಲಿ ಯಾರ ಸ್ವತಂತ್ರ ಇಚ್ಛೆಯೂ ಇಲ್ಲ, ಯಾವ ಗುತ್ತಿಗೆದಾರನೂ ಇಲ್ಲ.

ಹಾಗಾದರೆ ಬೆಂಚಿನ ಪಕ್ಕ ಕುಳಿತವರು ಏನು ಹೇಳಬೇಕು? ಹಳೆಯ ಒಡಂಬಡಿಕೆಯಲ್ಲಿ ಯೋಬನ ಕಥೆಯಿದೆ. ನಿರಪರಾಧಿಯಾದ ಅವನು ಮಕ್ಕಳನ್ನೂ ಸಿರಿಯನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತಾಗ ಮೂವರು ಗೆಳೆಯರು ಬಂದು ಏಳು ದಿನ ಮಾತಿಲ್ಲದೆ ಅವನೊಡನೆ ನೆಲದ ಮೇಲೆ ಕುಳಿತರಂತೆ. ಅಲ್ಲಿಯವರೆಗೆ ಅವರು ಸರಿಯಾಗಿಯೇ ಇದ್ದರು. ಬಾಯಿ ತೆರೆದದ್ದೇ ತಡ, ನೀನು ಪಾಪ ಮಾಡಿರಲೇಬೇಕೆಂದು ವಾದಿಸತೊಡಗಿದರು. ಕಡೆಯಲ್ಲಿ ದೇವರು ಸಿಟ್ಟಾಗುವುದು ದೂರು ಹೇಳಿದ ಯೋಬನ ಮೇಲಲ್ಲ, ದೇವರ ಪರವಾಗಿ ವಾದಿಸಿದ ಆ ಗೆಳೆಯರ ಮೇಲೆ. ನಮ್ಮ ಬೇಂದ್ರೆಯವರು ಮಗುವಿನ ಸಾವಿನ ಮುಂದೆ ಬರೆದ ಕವಿತೆಯನ್ನು ಕನ್ನಡಿಗರಿಗೆ ನೆನಪಿಸಬೇಕಾಗಿಲ್ಲ. ಅಲ್ಲಿ ಗಂಡ ಹೆಂಡತಿಯ ಕಣ್ಣನ್ನು ಎದುರಿಸಲಾರ.

ಸುಮ್ಮನಿರುವುದು ಸರಿಯೆಂದೊಪ್ಪಿದರೂ, ದೇವರು ದಯಾಮಯನೆಂಬ ಮಾತಿನ ಗತಿಯೇನೆಂದು ನಮ್ಮ ಕೂಟದ ಶ್ರೀವೈಷ್ಣವ ಮಿತ್ರರು ಬಿಡದೆ ಕೇಳಿದರು. ಅವರಿಂದಲೇ ನಮಗೆ ತಿಳಿದ ಒಂದು ಹಳೆಯ ವ್ಯಾಜ್ಯವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ. ತೆಂಗಲೆ ವಡಗಲೆಗಳ ಜಗಳವೆಂದರೆ ನಾಮದ ಆಕಾರದ ಜಗಳವೆಂದು ಹೊರಗಿನವರು ನಗುತ್ತಾರೆ. ಆದರೆ ಅವರ ನಡುವಣ ಹದಿನೆಂಟು ಭೇದಗಳಲ್ಲಿ ಒಂದು, ದಯೆ ಎಂದರೇನು ಎಂಬುದು. ಪರರ ದುಃಖವನ್ನು ನೀಗಿಸಬೇಕೆಂಬ ಇಚ್ಛೆಯೇ ದಯೆ, ಅದಕ್ಕಾಗಿ ಭಗವಂತ ತಾನೂ ದುಃಖಪಡಬೇಕಾಗಿಲ್ಲ ಎನ್ನುವುದು ವಡಗಲೆಯವರ ಮತ. ಪರರ ದುಃಖದಿಂದ ತಾನೂ ದುಃಖಿಯಾಗುವುದೇ ದಯೆ ಎನ್ನುವುದು ತೆಂಗಲೆಯವರದು. ಮೊದಲಿನವರ ಆಕ್ಷೇಪ ಸಣ್ಣದಲ್ಲ: ಸಕಲ ದೋಷಗಳಿಗೂ ದೂರನಾದವನಿಗೆ ದುಃಖವನ್ನು ಅಂಟಿಸಿದರೆ ಅವನು ದೇವರಾಗಿ ಉಳಿಯುವನೆ? ರೋಗ ತಗಲಿಸಿಕೊಂಡ ವೈದ್ಯನಿಂದ ರೋಗಿಗೇನು ಲಾಭ?

ಇದನ್ನು ಚರ್ಚಿಸಿದವರು ನೆಮ್ಮದಿಯ ಕಾಲದವರಲ್ಲ. 14ನೆಯ ಶತಮಾನದ ಮೊದಲ ಭಾಗದಲ್ಲಿ ಶ್ರೀರಂಗದ ಮೇಲೆ ದೆಹಲಿಯ ಸೈನ್ಯ ಬಂದಾಗ, ತೆಂಗಲೆಯವರ ಹಿರಿಯ ಗುರು ಪಿಳ್ಳೈ ಲೋಕಾಚಾರ್ಯರು ರಂಗನಾಥನ ಉತ್ಸವಮೂರ್ತಿಯೊಡನೆ ಊರು ಬಿಟ್ಟು, ಮಧುರೆಯ ಕಡೆ ದಾರಿಯಲ್ಲೇ ದೇಹ ಬಿಟ್ಟರೆಂದು ಪರಂಪರೆ ಹೇಳುತ್ತದೆ. ವಡಗಲೆಯವರ ಆಚಾರ್ಯ ವೇದಾಂತ ದೇಶಿಕರು ಹೆಣಗಳ ನಡುವೆ ರಾತ್ರಿ ಕಳೆದು, ಗ್ರಂಥದ ಓಲೆಗಳನ್ನೂ ಇಬ್ಬರು ಮಕ್ಕಳನ್ನೂ ಉಳಿಸಿಕೊಂಡು, ನಮ್ಮ ಕೊಳ್ಳೇಗಾಲದ ಬಳಿಯ ಸತ್ಯಗಾಲದಲ್ಲಿ ಆಶ್ರಯ ಪಡೆದರು. ತಿರುಪತಿಯ ದೇವರ ದಯೆಯನ್ನೇ ಕುರಿತು ನೂರಕ್ಕೂ ಹೆಚ್ಚು ಶ್ಲೋಕಗಳ ಸ್ತೋತ್ರ ಬರೆದವರು ಅವರೇ. ದಯೆಯ ವಿಚಾರವನ್ನು ಈ ಇಬ್ಬರೂ ಪುಸ್ತಕದಿಂದ ಮಾತ್ರ ತಿಳಿದವರಲ್ಲ.

ಒಂದು ಸಂಜೆ ಅಜ್ಜಿಯನ್ನು ತಿರುವಲ್ಲಿಕ್ಕೇಣಿಗೆ ಕರೆದುಕೊಂಡು ಹೋಗಿದ್ದೆವು. ಪಾರ್ಥಸಾರಥಿ ದೇವರು ಬೀದಿಯಲ್ಲಿ ಬರುತ್ತಿದ್ದ. ಆ ಉತ್ಸವಮೂರ್ತಿಯ ಮುಖದಲ್ಲಿ ಗಾಯದ ಗುರುತುಗಳಿವೆ. ಅಜ್ಜಿ ಪಲ್ಲಕ್ಕಿಯ ಹತ್ತಿರ ನುಗ್ಗಿ ನೋಡಿ ಬಂದು, "ಇವಗೂ ಮೈಲಿ ಎದ್ದಿತ್ತೇನೋ ತಮ್ಮಾ?" ಎಂದಳು. ಅಲ್ಲ, ಕುರುಕ್ಷೇತ್ರದಲ್ಲಿ ಅರ್ಜುನನ ರಥ ಹೊಡೆಯುವಾಗ ಭೀಷ್ಮರ ಬಾಣ ತಗಲಿ ಆದ ಗಾಯಗಳೆಂದು ಹೇಳುತ್ತಾರೆ ಎಂದೆವು. ಆಕೆ ಸ್ವಲ್ಪ ಹೊತ್ತು ಯೋಚಿಸಿ, "ಹಂಗಾರ ಇವಗ ಹೇಳಿದ್ರ ತಿಳೀತೈತಿ" ಎಂದಳು. ಆ ದೇವಾಲಯ ತೆಂಗಲೆ ಸಂಪ್ರದಾಯದ್ದೆಂಬುದು ಆಕೆಗೆ ಗೊತ್ತಿರಲಿಲ್ಲ.

ದಯೆಗೆ ಏನಾದರೂ ಅರ್ಥ ಉಳಿದಿದ್ದರೆ ಅದು ಈ ಎರಡನೆಯ ಅರ್ಥವೇ ಎಂದು ನಮಗೆ ತೋರುತ್ತದೆ. ಮೇಲೆ ಕುಳಿತು ಲೆಕ್ಕ ನೋಡಿ ನೋವು ಹಂಚುವವನನ್ನು ದಯಾಮಯನೆಂದು ಕರೆಯಲು ಆ ಬೆಂಚಿನ ಮೇಲೆ ನಮಗೆ ನಾಲಿಗೆ ಏಳದು. ಇದಕ್ಕೆ ತೆರಬೇಕಾದ ಬೆಲೆ ನಮಗೆ ಗೊತ್ತಿದೆ. ಜತೆಯಲ್ಲಿ ನೋಯುವ ದೇವರು ನೋವನ್ನು ತಡೆಯಲಾರದೆ ನೋಯುತ್ತಾನೋ, ತಡೆಯಬಲ್ಲವನಾಗಿಯೂ ನೋಯುತ್ತಾನೋ? ಮೊದಲನೆಯದಾದರೆ ಸರ್ವಶಕ್ತಿ ಹೋಯಿತು. ಎರಡನೆಯದಾದರೆ ಅಜ್ಜಿಯ ಪ್ರಶ್ನೆ ಇದ್ದಲ್ಲಿಯೇ ಇದೆ. ಸರ್ವಶಕ್ತಿಯನ್ನು ಬಿಟ್ಟುಕೊಡಲು ನಮ್ಮಲ್ಲಿ ಕೆಲವರು ಸಿದ್ಧರು. ಶ್ರೀವೈಷ್ಣವ ಮಿತ್ರರು ಸಿದ್ಧರಲ್ಲ. ನಾಸ್ತಿಕ ಮಿತ್ರರು, ಇಷ್ಟು ಬಳಸಿ ಹೋಗುವುದರ ಬದಲು ನೇರವಾಗಿ ನಮ್ಮ ಕಡೆ ಬನ್ನಿರೆನ್ನುತ್ತಾರೆ. ಅವರ ದಾರಿಯಲ್ಲಿ ಪ್ರಶ್ನೆ ಇಲ್ಲವಾಗುತ್ತದೆ, ಸರಿ. ಆದರೆ ಸಂಜೆಯ ಹೊತ್ತು ಹೇಳಿಕೊಳ್ಳಲು ಅಜ್ಜಿಗೆ ಯಾರೂ ಉಳಿಯುವುದಿಲ್ಲ. ಅದು ಅವರ ವಾದಕ್ಕೆ ಖಂಡನೆಯಲ್ಲವೆಂದು ಬಲ್ಲೆವು.

ಹುಡುಗ ಬದುಕಿದ. ಚಿಕಿತ್ಸೆ ದೀರ್ಘವಾಗಿತ್ತು, ಆದರೂ ರೋಗ ಹಿಮ್ಮೆಟ್ಟಿತು, ಈಗ ಹೈಸ್ಕೂಲಿನಲ್ಲಿದ್ದಾನೆ. ಪಕ್ಕದ ಹಾಸಿಗೆಯಲ್ಲಿ ನೆಲ್ಲೂರು ಕಡೆಯ ಒಂದು ಹುಡುಗಿಯಿದ್ದಳು. ಅದೇ ರೋಗ, ಅದೇ ಔಷಧ, ಹೆಚ್ಚುಕಡಿಮೆ ಅದೇ ವಯಸ್ಸು. ಅವಳು ಉಳಿಯಲಿಲ್ಲ. ಆ ರಾತ್ರಿ ತೆಲುಗು ಬಾರದ ಅಜ್ಜಿ ಆ ತಾಯಿಯ ಪಕ್ಕದಲ್ಲಿ ಬೆಳಗಿನವರೆಗೆ ಕುಳಿತಿದ್ದಳು.

ಪ್ರತಿ ಯುಗಾದಿಗೆ ಹಾವೇರಿಯಿಂದ ಫೋನು ಬರುತ್ತದೆ. ಹುಡುಗನ ತಂದೆ, ದೇವರು ನಮ್ಮನ್ನು ಕೈಬಿಡಲಿಲ್ಲ ಎಂದು ಪ್ರತಿ ಸಲವೂ ಹೇಳುತ್ತಾರೆ, ನಾವೂ ಹೌದೆನ್ನುತ್ತೇವೆ. ಆಮೇಲೆ ಅಜ್ಜಿ ಫೋನು ಇಸಿದುಕೊಳ್ಳುತ್ತಾಳೆ. ಆಕೆಯ ಬಾಯಿಂದ ಆ ಮಾತು ಈವರೆಗೆ ಬಂದಿಲ್ಲ. ಕಳೆದ ಸಲವೂ ಕೇಳಿದ್ದು ಇದನ್ನೇ: "ನೆಲ್ಲೂರಿನ ಆ ಕೂಸಿನ ತಾಯಿ ಹೆಂಗದಾಳೋ ತಮ್ಮಾ? ಆಕಿ ನಂಬರ್ ಏನರ ಸಿಕ್ತೇನು?"

ಸಿಕ್ಕಿಲ್ಲ, ಹುಡುಕುತ್ತಿದ್ದೇವೆ ಎಂದೆವು.